ಕೊಳಲಕ್ಕನಿಗೆ ಕೇಳಿಸದ ಗಾಳಿ

ಬಿದಿರು ಮೊದಲಿನ ಹಾಗಿಲ್ಲ ಎಂದು ಕೊಳಲಕ್ಕ ಅಣ್ಣನೊಂದಿಗೆ ಜಗಳ ತೆಗೆದದ್ದು ಒಂದು ಸೋಮವಾರ ಬೆಳಿಗ್ಗೆ. ಆಗ ಅವಳಿಗೆ ಐವತ್ತಾರು, ಅಣ್ಣನಿಗೆ ಅರವತ್ತೊಂದು. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೇಳು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ಕೂತು ಕೊಳಲು ಮಾಡಿದ್ದರು. ಅಷ್ಟು ವರ್ಷದಲ್ಲಿ ಕಿಟಕಿ ತೆಗೆಯಬೇಕೋ ಹಾಕಬೇಕೋ ಎನ್ನುವುದರ ಮೇಲೆ ಜಗಳವಾಗಿತ್ತು, ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವುದರ ಮೇಲೆ ಆಗಿತ್ತು, ಕೆಲಸದ ಮೇಲೆ ಮಾತ್ರ ಒಮ್ಮೆಯೂ ಆಗಿರಲಿಲ್ಲ.

ಆ ಕೋಣೆ ಕೊಳಲಕ್ಕನ ಮನೆಯ ಮುಂಭಾಗದಲ್ಲೇ ಇತ್ತು. ಒಂದು ಪಕ್ಕ ದರ್ಜಿಯ ಅಂಗಡಿ, ಇನ್ನೊಂದು ಪಕ್ಕ ಸೈಕಲ್ ರಿಪೇರಿ. ಮಾಡಿನ ತೊಲೆಗಳಿಗೆ ಬಿದಿರಿನ ಕಟ್ಟುಗಳನ್ನು ನೇತುಹಾಕಿದ್ದರು. ನೆರಳಿನಲ್ಲಿ ಒಂದು ವರ್ಷ ಒಣಗಿದ ಮೇಲೆಯೇ ಅವು ಕೆಳಗಿಳಿಯುತ್ತಿದ್ದವು. ಅಣ್ಣ ಮೂರು ಬೀದಿ ಆಚೆಯಿಂದ ಎಂಟು ಗಂಟೆಗೆ ಸರಿಯಾಗಿ ಬಂದು, ಚಪ್ಪಲಿ ಬಿಟ್ಟು, ಅಪ್ಪನ ಅಳತೆಕೋಲನ್ನು ಮೊಳೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಕೈ ತಾಗಿ ತಾಗಿ ಕಪ್ಪಾದ ಮರದ ಕೋಲು ಅದು. ಅದರ ನಾಲ್ಕು ಮೈಮೇಲೂ ಕಚ್ಚುಗಳಿದ್ದವು, ಒಂದೊಂದು ಮೈ ಒಂದೊಂದು ಅಳತೆಯ ಕೊಳಲಿಗೆ. ಅಣ್ಣ ಬಿದಿರು ಆರಿಸಿ, ಕೊಯ್ದು, ಕೋಲನ್ನು ಪಕ್ಕಕ್ಕಿಟ್ಟು ಗುರುತು ಹಾಕಿ, ಕಾದ ಕಬ್ಬಿಣದ ಸಲಾಕೆಯಿಂದ ತೂತು ಸುಡುತ್ತಿದ್ದ. ತೂತುಗಳನ್ನು ಬೇಕೆಂದೇ ಒಂದು ಕೂದಲೆಳೆ ಚಿಕ್ಕದು ಮಾಡುತ್ತಿದ್ದ. ಆಮೇಲಿನದು ಕೊಳಲಕ್ಕನ ಪಾಲು. ಅವಳು ಊದಿ ನೋಡುವಳು, ಸಣ್ಣ ದುಂಡು ಅರದಿಂದ ತೂತಿನ ಅಂಚು ಉಜ್ಜುವಳು, ಮತ್ತೆ ಊದುವಳು. ಸ್ವರ ತನ್ನ ಜಾಗದಲ್ಲಿ ಬಂದು ಕೂರುವ ತನಕ ಹೀಗೇ. ಹೆಚ್ಚು ಉಜ್ಜಿದರೆ ಸ್ವರ ಮೇಲೆ ಹೋಗಿಬಿಡುತ್ತದೆ, ಹೋದದ್ದನ್ನು ಕೆಳಗೆ ತರುವುದು ಸುಲಭವಲ್ಲ. ಹಾಗಾಗಿ ಆ ಕೆಲಸಕ್ಕೆ ಕೈಗಿಂತ ಕಿವಿ ಮುಖ್ಯ.

"ಕೋಲು ಊರ ತನಕ ಕರ್ಕೊಂಡು ಹೋಗುತ್ತೆ. ಮನೆ ಬಾಗಿಲು ತೋರಿಸಬೇಕಾದದ್ದು ಕಿವಿ," ಎಂದು ಅಪ್ಪ ಹೇಳುತ್ತಿದ್ದ. ಕೋಲನ್ನು ಮಗನ ಕೈಗೆ ಕೊಟ್ಟ, ಅರವನ್ನು ಮಗಳ ಕೈಗೆ ಕೊಟ್ಟ. ಯಾಕೆ ಹಾಗೆ ಎಂದು ಇಬ್ಬರೂ ಕೇಳಲಿಲ್ಲ. ಕೊಳಲಕ್ಕನ ಕಿವಿ ಚುರುಕು ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಸೈಕಲ್ ಅಂಗಡಿಯವನು ಚಕ್ರ ತಿರುಗಿಸಿ, "ಅಕ್ಕಾ, ಇದು ಸರಿಯಾಯ್ತಾ?" ಎಂದು ಗೋಡೆಯಾಚೆಯಿಂದಲೇ ಕೇಳುತ್ತಿದ್ದ, ಅವಳು ಅರ ಕೆಳಗಿಡದೆ ಉತ್ತರ ಕೊಡುತ್ತಿದ್ದಳು.

ಆ ಸೋಮವಾರಕ್ಕೆ ಮುಂಚೆ ಕೆಲವು ತಿಂಗಳಿಂದ ಅವಳಿಗೆ ಎಲ್ಲ ಕೊಳಲೂ ಮಂಕಾಗಿ ಕೇಳಿಸುತ್ತಿದ್ದವು. ಶ್ರುತಿ ಸರಿಯಾಗಿಯೇ ಇತ್ತು. ಆದರೆ ಸ್ವರದ ಮೇಲೆ ಯಾರೋ ಒದ್ದೆ ಬಟ್ಟೆ ಹೊದಿಸಿದ ಹಾಗೆ, ಇದ್ದೂ ಇಲ್ಲದ ಹಾಗೆ. ಮೊದಲು ತನ್ನ ಊದುವಿಕೆ ಸರಿಯಿಲ್ಲ ಅಂದುಕೊಂಡಳು. ಆಮೇಲೆ ಹವೆ ಅಂದುಕೊಂಡಳು. ಕೊನೆಗೆ ಅನುಮಾನ ಬಿದಿರಿನ ಮೇಲೆ ಬಂತು.

"ಅಣ್ಣ, ಬಿದಿರು ತರೋ ಜಾಗ ಬದಲಾಯಿಸಿದೀಯ?"

"ಇಲ್ವಲ್ಲ."

"ಮತ್ತೆ ಇದ್ಯಾಕೆ ಹೀಗೆ ಗೂಬೆ ಥರ ಕೂಗುತ್ತೆ? ಜೀವಾನೇ ಇಲ್ಲ ಇದ್ರಲ್ಲಿ."

ಅಣ್ಣ ಕೊಳಲನ್ನು ತಿರುಗಿಸಿ ನೋಡಿದ. ಊದಲಿಲ್ಲ. ಅವನು ಎಂದೂ ಊದಿ ನೋಡಿದವನಲ್ಲ. "ಅದೇ ಬೆಟ್ಟ, ಅದೇ ಮೆಳೆ, ಅದೇ ಮನುಷ್ಯ ಕಡಿದು ಕೊಟ್ಟದ್ದು. ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ನಕ್ಕ.

ಅವನು ತಮಾಷೆಗೆ ಅಂದದ್ದು. ಅವಳಿಗೆ ಚುಚ್ಚಿತು. ಇಪ್ಪತ್ತೇಳು ವರ್ಷದ ಕೆಲಸಕ್ಕೆ ಇದೇನಾ ಮರ್ಯಾದೆ ಎಂದು ಮಾತು ಬೆಳೆಯಿತು. ಮಧ್ಯಾಹ್ನದ ಊಟಕ್ಕೆ ಅಣ್ಣ ಮನೆಗೆ ಹೋದವನು ಸಂಜೆ ಬರಲಿಲ್ಲ.

ಅವನಿಲ್ಲದ ಆ ಹೊತ್ತಿನಲ್ಲೇ ಕೊಳಲಕ್ಕ ಜೀವಮಾನದಲ್ಲಿ ಮೊದಲ ಸಲ ಅಪ್ಪನ ಅಳತೆ ಮೀರಿದಳು. ಬೆರಳ ತೂತುಗಳನ್ನು ಹಾಗೇ ಬಿಟ್ಟು, ಊದುವ ತೂತಿಗೆ ಅರ ಹಾಕಿದಳು. ಕೋಲಿನ ಪ್ರಕಾರ ಅದು ಕಡಲೆಕಾಳಿನಷ್ಟು ದುಂಡಗಿರಬೇಕು. ಅವಳು ಅದನ್ನು ಉದ್ದಕ್ಕೆ ಎಳೆದು, ಆಚೆಯ ಅಂಚನ್ನು ಒಳಗಿನಿಂದ ತೆಳ್ಳಗೆ ಕೆರೆದಳು. ಊದಿದಳು. ಇನ್ನೂ ಸಾಲದು. ಇನ್ನಷ್ಟು ಕೆರೆದಳು. ನಾಲ್ಕನೇ ಸಲ ಊದಿದಾಗ ಹೊದಿಸಿದ್ದ ಬಟ್ಟೆ ಎತ್ತಿದ ಹಾಗಾಯಿತು. ಸ್ವರ ಮುಖ ತೊಳೆದುಕೊಂಡು ಬಂದು ಎದುರಿಗೆ ನಿಂತಿತು. ಅವಳು ಅದೇ ಒಂದು ಸ್ವರವನ್ನು ಉಸಿರು ಮುಗಿಯುವ ತನಕ ಹಿಡಿದುಕೊಂಡಿದ್ದಳು.

ಮರುದಿನ ಅಣ್ಣ ಬಂದು ಆ ತೂತು ನೋಡಿ, "ಇದೇನೇ ಇದು, ಇಲಿ ಕಚ್ಚಿದ ಹಾಗಿದೆ," ಎಂದ. ಅವನು ಕೋಲಿನ ಪ್ರಕಾರ ಸುಟ್ಟುಕೊಡುತ್ತಾ ಹೋದ, ಅವಳು ಕೋಲು ಮೀರಿ ಕೆರೆಯುತ್ತಾ ಹೋದಳು. ಎರಡು ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಕೊಳಲು ಹೀಗೆ ಹೊರಬಿದ್ದವು.

ಮೊದಲು ವಾಪಸು ಬಂದವರು ಶಾಲೆಯ ಸಂಗೀತದ ಮೇಷ್ಟ್ರು. ಅಪ್ಪನ ಕಾಲದಿಂದ ಅಲ್ಲೇ ಕೊಳಲು ಕೊಳ್ಳುತ್ತಿದ್ದ ಮನುಷ್ಯ, ನಿಧಾನದ ಮಾತು. ಮೂರು ಕೊಳಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಇದ್ರಲ್ಲಿ ಸ್ವರಕ್ಕಿಂತ ಗಾಳಿ ಸದ್ದೇ ಜಾಸ್ತಿ. ಮಕ್ಕಳು ಕಿವಿ ಮುಚ್ಕೋತಾರೆ."

"ಗಾಳಿ ಸದ್ದಾ? ಎಲ್ಲಿ?"

ಅವಳು ಒಂದನ್ನೆತ್ತಿ ಊದಿದಳು. ಗಾಳಿಯೂ ಇಲ್ಲ, ಏನೂ ಇಲ್ಲ. ಸ್ವರ ಗಾಜಿನ ಹಾಗೆ ಶುಭ್ರವಾಗಿತ್ತು. ಮೇಷ್ಟ್ರು ಅವಳ ಮುಖ ನೋಡಿದರು, ಅವಳು ಮೇಷ್ಟ್ರ ಮುಖ ನೋಡಿದಳು. ವಯಸ್ಸಾದವರು, ಕಿವಿ ಮಂದವಾಗಿರಬೇಕು ಪಾಪ ಎಂದುಕೊಂಡು ಹಳೆಯ ದಾಸ್ತಾನಿನಿಂದ ಮೂರು ಕೊಟ್ಟು ಕಳಿಸಿದಳು.

ಅದೇ ವಾರ ನಾಟಕದವನು ಬಂದ. ನಲವತ್ತರ ಆಸುಪಾಸಿನ ಆ ಮನುಷ್ಯ ನಾಟಕಗಳಿಗೆ ಪರದೆಯ ಪಕ್ಕ ಕೂತು ಕೊಳಲು ನುಡಿಸುವವನು. ಯಾರದೋ ಕೈಯಲ್ಲಿ ಅವಳ ಹೊಸ ಕೊಳಲು ಕೇಳಿ ಹುಡುಕಿಕೊಂಡು ಬಂದಿದ್ದ. ಒಂದನ್ನು ತುಟಿಗಿಟ್ಟವನು ಕಾಲು ಗಂಟೆ ಕೆಳಗಿಡಲಿಲ್ಲ. ದರ್ಜಿ ಮಿಷನ್ ನಿಲ್ಲಿಸಿ ಬಾಗಿಲಿಗೆ ಬಂದ.

"ಅಕ್ಕ, ಇದನ್ನ ಹೇಗೆ ಮಾಡಿದ್ರಿ? ಉಸಿರು ಕೇಳಿಸ್ತಿದೆ ಇದ್ರಲ್ಲಿ. ಸ್ವರದ ಜೊತೆಗೇ ಒಬ್ಬ ಮನುಷ್ಯ ಉಸಿರಾಡೋದು ಕೇಳಿಸುತ್ತೆ. ಇಷ್ಟು ವರ್ಷ ಇದನ್ನೇ ಹುಡುಕ್ತಿದ್ದೆ ನಾನು."

ಕೊಳಲಕ್ಕನಿಗೆ ಉಸಿರು ಕೇಳಿಸಲಿಲ್ಲ. ಆದರೆ ಹೊಗಳಿಕೆಯನ್ನು ಯಾರು ಬೇಡ ಅನ್ನುತ್ತಾರೆ. ಕವಿಗಳ ಥರ ಮಾತಾಡುವವನು, ಏನೋ ಹೇಳುತ್ತಾನೆ ಎಂದು ಸುಮ್ಮನಾದಳು. ಅವನು ಐದು ಕೊಳಲು ತೆಗೆದುಕೊಂಡು ಹೋದ.

ಸುದ್ದಿಗೆ ಕಾಲು ಬಂದದ್ದು ಆಗ. ನಾಟಕದವನು ಹೋದಲ್ಲೆಲ್ಲ ಹೇಳಿದ. ಕೈಕಸುಬಿನವರನ್ನು ಸೇರಿಸಿ ಮೂರು ದಿನದ ಪ್ರದರ್ಶನ ಮಾಡುವವರು ಅವಳನ್ನೂ ಕರೆದರು. ದೊಡ್ಡ ಸಭಾಂಗಣದಲ್ಲಿ ಕುಂಬಾರ, ಪುಸ್ತಕ ಕಟ್ಟುವವಳು, ಕುರ್ಚಿ ಹೆಣೆಯುವ ಅಣ್ಣತಮ್ಮಂದಿರು ಎಲ್ಲರ ಮಧ್ಯೆ ಅವಳಿಗೂ ಒಂದು ಮೇಜು. ಕೊನೆಯ ದಿನ ವೇದಿಕೆ ಮೇಲೆ ಕೂರಿಸಿ, ಮೈಕು ಹಿಡಿದ ಹೆಂಗಸು ಕೇಳಿದಳು: "ಪರಂಪರೆಯನ್ನೂ ಬಿಡದೆ, ಪ್ರಯೋಗವನ್ನೂ ಮಾಡೋದು ನಿಮಗೆ ಹೇಗೆ ಸಾಧ್ಯ ಆಯ್ತು?"

ಕೊಳಲಕ್ಕ ತಬ್ಬಿಬ್ಬಾದಳು. ಪ್ರಯೋಗ ಎನ್ನುವ ಮಾತು ಅವಳ ತಲೆಯಲ್ಲಿ ಒಮ್ಮೆಯೂ ಸುಳಿದಿರಲಿಲ್ಲ. "ಹಳೇದು ನಂಗೆ ಮಂಕಾಗಿ ಕೇಳಿಸ್ತಿತ್ತು. ಸರಿ ಅನ್ನಿಸೋವರೆಗೂ ಕೆರೆದೆ. ಅಷ್ಟೇ," ಎಂದಳು.

ಜನ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರು ಎಂದು ಅವಳಿಗೆ ಮನೆಗೆ ಬಂದರೂ ತಿಳಿಯಲಿಲ್ಲ.

ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಮೇಲೆ ದಪ್ಪಕ್ಷರದಲ್ಲಿ: ಪರಂಪರೆಯ ಮಂಕು ಒರೆಸಿದ ಕೈ. ಅಣ್ಣ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ಕೋಲು ತೆಗೆಯಲಿಲ್ಲ, ಸಲಾಕೆ ಕಾಯಿಸಲಿಲ್ಲ. ಕನ್ನಡಕ ಹಾಕಿಕೊಂಡು ಆ ಸಾಲನ್ನು ಜೋರಾಗಿ ಓದಿದ. ಮತ್ತೊಂದು ಸಲ ಓದಿದ.

"ಅಪ್ಪ ಮಾಡ್ತಿದ್ದದ್ದು ಮಂಕಾ?"

"ನಾನು ಹಾಗೆ ಎಲ್ಲಿ ಹೇಳಿದೆ ಅಣ್ಣ? ಅವರು ಬರ್ಕೊಂಡ್ರು."

"ಹೇಳಿದ್ದಕ್ಕೇ ಬರ್ಕೊಂಡಿದ್ದಾರೆ." ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕಿಟಕಿಯಲ್ಲಿಟ್ಟ. "ಹಾಗಾದ್ರೆ ನಾನು ಇಷ್ಟು ವರ್ಷ ಸುಟ್ಟದ್ದು ಏನು? ಬರೀ ಸೌದೆಯಾ?"

ಅವಳು ಹೌದು ಅನ್ನುವ ಹಾಗಿಲ್ಲ. ಇಲ್ಲ ಅಂದರೆ ತಾನು ಕೆರೆದದ್ದು ಯಾಕೆ? ಬಾಯಿಗೆ ಬಿದ್ದ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಣ್ಣ ಅವತ್ತಿನಿಂದ ದಿನಾ ಬಂದ, ಕೆಲಸ ಮಾಡಿದ, ಮಾತು ಮಾತ್ರ ಅಳೆದು ಕೊಯ್ದ ಬಿದಿರಿನಷ್ಟೇ.

ಇದಾಗಿ ಹದಿನೈದು ದಿನಕ್ಕೆ ಮೊಮ್ಮಗಳಿಗೆ ಜ್ವರ ಬಂತು. ಮೂರು ವರ್ಷದ ಮಗು. ಮಗ ಶಾಲೆಯ ಬಸ್ಸು ಓಡಿಸುವವನು, ಬೆಳಿಗ್ಗೆಯೇ ಹೋಗಿದ್ದ. ಸೊಸೆ ಅಡುಗೆಮನೆಯಲ್ಲಿದ್ದಳು. ಕೊಳಲಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಜ್ವರ ನೋಡುವ ಕಡ್ಡಿಯನ್ನು ಕಂಕುಳಲ್ಲಿಟ್ಟು ಕಾಯುತ್ತಾ ಕೂತಳು. ಅದು ಬೀಪ್ ಬೀಪ್ ಎಂದು ಕೂಗಿದಾಗ ತೆಗೆಯಬೇಕು. ಎಷ್ಟು ಹೊತ್ತಾದರೂ ಅದು ಕೂಗಲಿಲ್ಲ.

ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಎಷ್ಟಿದೆ ಅತ್ತೆ?"

"ಇನ್ನೂ ಕೂಗಿಲ್ಲ ಕಣಮ್ಮ. ಬ್ಯಾಟರಿ ಹೋಗಿರಬೇಕು."

"ಆಗಲೇ ಕೂಗ್ತಲ್ಲ? ನಂಗೆ ಒಳಗೇ ಕೇಳಿಸ್ತು." ಅವಳು ಕಡ್ಡಿ ತೆಗೆದು ನೋಡಿ, ಗುಂಡಿ ಒತ್ತಿ, ಅತ್ತೆಯ ಕಿವಿಯ ಹತ್ತಿರ ಹಿಡಿದಳು. "ಈಗ ಕೂಗ್ತಿದೆ ನೋಡಿ."

ಕೊಳಲಕ್ಕ ಸೊಸೆಯ ಮುಖ ನೋಡಿದಳು. ತಮಾಷೆ ಮಾಡುವ ಮುಖವಲ್ಲ ಅದು. ಮಗುವೂ ಕಡ್ಡಿಯ ಕಡೆ ಕೈಚಾಚಿ, "ಪೀ ಪೀ," ಎಂದಿತು.

ಅವಳು ಎದ್ದು ಮುಂದಿನ ಕೋಣೆಗೆ ಹೋಗಿ ಹೊಸ ಕೊಳಲೊಂದನ್ನು ತಂದು ಊದಿದಳು.

"ಇದ್ರಲ್ಲಿ ಗಾಳಿ ಸದ್ದು ಬರ್ತಿದೆಯಾ?"

"ಬರ್ತಿದೆ ಅತ್ತೆ. ಸುಯ್ ಅಂತ."

"ಯಾವಾಗಿಂದ?"

"ಈ ಹೊಸ ಥರದ್ದು ಮಾಡೋಕೆ ಶುರು ಮಾಡಿದ್ರಲ್ಲ, ಆವಾಗಿಂದ."

"ಹೇಳಬಾರದಿತ್ತಾ?"

"ಬೇಕೂಂತಲೇ ಮಾಡ್ತಿದೀರಿ ಅಂದ್ಕೊಂಡೆ," ಎಂದಳು ಸೊಸೆ. "ಪೇಪರಲ್ಲೂ ಬಂತಲ್ಲ."

ಕಿವಿ ಪರೀಕ್ಷೆಗೆ ಸೊಸೆಯೇ ಕರೆದುಕೊಂಡು ಹೋದಳು. ದಪ್ಪ ಬಾಗಿಲಿನ ಸಣ್ಣ ಕೋಣೆ, ತಲೆಗೆ ಹಾಕುವ ಸಾಧನ, ಕೈಗೊಂದು ಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ಶುರುವಿನಲ್ಲಿ ಕೊಳಲಕ್ಕ ಚಕಚಕನೆ ಒತ್ತಿದಳು. ಆಮೇಲೆ ಕಾದಳು. ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿಯ ಬೆರಳು ಆಡುತ್ತಿರುವುದು ಕಾಣುತ್ತಿತ್ತು, ಕಿವಿಗೆ ಏನೂ ಬರುತ್ತಿರಲಿಲ್ಲ. ಬೆರಳು ನೋಡಿಯೇ ಒತ್ತಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಒತ್ತಲಿಲ್ಲ.

ಹುಡುಗಿ ಕಾಗದದ ಮೇಲೆ ಒಂದು ಗೆರೆ ತೋರಿಸಿದಳು. ಎಡದಿಂದ ನೆಟ್ಟಗೆ ಬಂದು ಮಧ್ಯ ದಾಟಿದ ಮೇಲೆ ಜಾರುಬಂಡೆಯ ಹಾಗೆ ಇಳಿದಿತ್ತು. "ತಗ್ಗಿನ ಸದ್ದು ಚೆನ್ನಾಗಿ ಕೇಳ್ತಿದೆ ಅಮ್ಮ. ತುಂಬಾ ಸಣ್ಣ, ಚೂಪಾದ ಸದ್ದು ಹೋಗಿದೆ. ವಯಸ್ಸಿಗೆ ಆಗೋದೇ. ನೀವೇನು ಕೆಲಸ ಮಾಡೋದು?"

"ಮನೇಲೇ," ಎಂದಳು ಕೊಳಲಕ್ಕ.

ಅಲ್ಲಿಂದ ಮುಂದೆ ಅವಳಿಗೆ ತನ್ನ ಯೋಚನೆಯ ತುದಿಯೇ ಸಿಗದಾಯಿತು. ಮಂಕಾದದ್ದು ಬಿದಿರಲ್ಲ, ಅಪ್ಪನ ಅಳತೆಯಲ್ಲ, ತನ್ನ ಕಿವಿ. ಅದು ಸರಿ. ಹಾಗಾದರೆ ಹೊಸ ಕೊಳಲು ಎನ್ನುವುದು ಒಂದು ರೋಗ, ಅಷ್ಟೇ ತಾನೆ? ಆದರೆ ನಾಟಕದವನ ಕಿವಿಗೆ ರೋಗವಿಲ್ಲವಲ್ಲ. ಅವನು ಮೆಚ್ಚಿದ್ದು ಯಾವುದನ್ನು? ತನಗೆ ಕೇಳಿಸಿದ ಸ್ವರವನ್ನಲ್ಲ, ತನಗೆ ಕೇಳಿಸಲೇ ಇಲ್ಲದ ಗಾಳಿಯನ್ನು. ತಾನು ಮಾಡಿದ್ದನ್ನು ಅವನು ಹೊಗಳಲಿಲ್ಲ, ಅವನು ಹೊಗಳಿದ್ದನ್ನು ತಾನು ಮಾಡಲಿಲ್ಲ. ಆದರೂ ಅದು ಬಂದದ್ದು ಇದೇ ಕೈಯಿಂದ. ಅನ್ನದ ತಟ್ಟೆ ಮುಂದೆ ಕೂತು ಹೀಗೆ ಯೋಚಿಸುತ್ತಾ ಸಾರಿನ ಬದಲು ನೀರು ಸುರಿದುಕೊಂಡಳು. ಸೊಸೆ ನೋಡಿಯೂ ನೋಡದವಳಂತೆ ತಟ್ಟೆ ಬದಲಾಯಿಸಿದಳು.

ಕಿವಿಗೆ ಹಾಕುವ ಯಂತ್ರ ಬಂತು. ಅದರಿಂದ ಎಲ್ಲ ಇತ್ಯರ್ಥವಾಗುತ್ತದೆ ಎಂದು ಅವಳು ನಂಬಿದ್ದಳು. ಹಾಕಿಕೊಂಡು ಕೋಣೆಗೆ ಬಂದು ಮೊದಲು ಅಪ್ಪನ ಕೈಯ ಹಳೆಯ ಕೊಳಲೊಂದನ್ನು ಊದಿದಳು. ಅದೂ ಸುಯ್ಯೆಂದಿತು. ಹೊಸದನ್ನು ಊದಿದಳು. ಇನ್ನೂ ಜೋರಾಗಿ ಸುಯ್ಯೆಂದಿತು. ಕಾಗದ ಮಡಿಸಿದರೆ ತಗಡು ಹರಿದ ಹಾಗೆ, ತನ್ನ ಸೆರಗು ಕುತ್ತಿಗೆಗೆ ಉಜ್ಜಿದರೆ ಯಾರೋ ಪೊರಕೆ ಹಿಡಿದು ಬೆನ್ನ ಹಿಂದೆ ನಿಂತ ಹಾಗೆ. ದರ್ಜಿಯ ಮಿಷನ್ ತಲೆಯೊಳಗೇ ಹೊಲಿಯುತ್ತಿತ್ತು. ಯಂತ್ರವನ್ನು ಸರಿಮಾಡಿಸಲು ಹೋದಾಗ ಆ ಹುಡುಗಿ, "ಇದನ್ನ ಮಾತು ಕೇಳೋದಕ್ಕೆ ಮಾಡಿರೋದು ಅಮ್ಮ. ಸಂಗೀತಕ್ಕೆ ಅಷ್ಟು ಒಗ್ಗಲ್ಲ," ಎಂದಳು. ಯಂತ್ರ ತೆಗೆದರೆ ಲೋಕ ಹೊದಿಕೆಯ ಕೆಳಗೆ, ಹಾಕಿದರೆ ಲೋಕ ತಗಡಿನ ಡಬ್ಬಿಯೊಳಗೆ. ಕೊಳಲಿನ ನಿಜವಾದ ಸದ್ದು ಯಾವುದು ಎಂದು ಯಾರನ್ನು ಕೇಳುವುದು?

ಮೇಷ್ಟ್ರನ್ನು ಕೇಳೋಣ ಎನ್ನಿಸಿತು. ಕೆಟ್ಟ ಕೊಳಲು ಕೊಟ್ಟಿದ್ದಕ್ಕೆ ಕ್ಷಮೆ ಕೇಳಿದ ಹಾಗೂ ಆಗುತ್ತದೆ ಎಂದು ಶಾಲೆಗೆ ಹೋದಳು. ಆಮೇಲೆಯೂ ನಾಲ್ಕೈದು ಹೊಸ ಕೊಳಲು ಬೇರೆಯವರ ಮೂಲಕ ಆ ಮಕ್ಕಳ ಕೈ ಸೇರಿದ್ದವು, ಅವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ವಿಷಯವನ್ನೂ ಮುಚ್ಚಿಡದೆ ಹೇಳಿದಳು.

"ವಾಪಸು ತಗೊಳ್ಳಿ. ಆದ್ರೆ ಒಂದು ಸಿಗಲ್ಲ. ಒಬ್ಬ ಹುಡುಗಿ ಬಿಡ್ತಿಲ್ಲ."

"ನೀವು ಹೇಳಿ ನೋಡಬಾರದಾ?"

"ಹೇಳಿದೆ. ಅದು ತಪ್ಪು ಸದ್ದು ಕಣಮ್ಮ ಅಂದೆ. ನಂಗೆ ಆ ತಪ್ಪೇ ಇಷ್ಟ ಅಂದ್ಲು." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಚೆನ್ನಾಗೂ ನುಡಿಸ್ತಾಳೆ. ಅದೇ ತೊಂದರೆ."

ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಇದ್ದ ಗೊಂದಲಕ್ಕೆ ಇನ್ನೊಂದು ಸೇರಿಸಿಕೊಂಡು ಕೊಳಲಕ್ಕ ಮನೆಗೆ ಬಂದಳು.

ಅಣ್ಣನಿಗೆ ಹೇಳುವುದು ಬಾಕಿಯಿತ್ತು. ಯಂತ್ರವನ್ನು ಕೂದಲಿನಿಂದ ಮುಚ್ಚಿ ಮೂರು ವಾರ ಕಳೆದಿದ್ದಳು. ಒಂದು ಗುರುವಾರ ಅವನು ಸಲಾಕೆ ತಣಿಯಲು ಬಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದಾಗ, ಅವನ ಎದುರು ಕೂತು ಕೂದಲು ಸರಿಸಿ ತೋರಿಸಿದಳು.

"ಬಿದಿರು ಸರಿಯಾಗೇ ಇತ್ತು ಅಣ್ಣ. ನನ್ನ ಕಿವಿ ಹೋಗಿದೆ."

ಎಲ್ಲವನ್ನೂ ಹೇಳಿದಳು. ಜ್ವರದ ಕಡ್ಡಿ, ಇಳಿದ ಗೆರೆ, ಗಾಳಿ. ಅಣ್ಣ ಗೆದ್ದೆ ಎನ್ನುತ್ತಾನೆ, ಅಥವಾ ಬಯ್ಯುತ್ತಾನೆ ಎಂದುಕೊಂಡಿದ್ದಳು. ಅವನು ಕೋಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತ.

"ನಂಗೂ ಒಂದು ಹೇಳೋದಿದೆ," ಎಂದ ಕೊನೆಗೆ. "ನಂಗೆ ಶ್ರುತಿ ಅನ್ನೋದು ಯಾವತ್ತೂ ತಿಳೀಲಿಲ್ಲ ಕಣೇ."

"ಅಂದ್ರೆ?"

"ಅಂದ್ರೆ ಅಷ್ಟೇ. ಸದ್ದು ಕೇಳುತ್ತೆ. ಯಾವುದು ಮೇಲೆ, ಯಾವುದು ಕೆಳಗೆ, ಸರಿಯಾದ್ದು ಯಾವುದು, ಗೊತ್ತಾಗಲ್ಲ. ಚಿಕ್ಕೋನಿದ್ದಾಗ ಅಪ್ಪ ಎರಡು ವರ್ಷ ಕೂರಿಸ್ಕೊಂಡು ಹೇಳಿಕೊಟ್ಟ. ಕೊನೆಗೆ ಒಂದಿನ ಕೋಲು ತಂದು ಕೈಗಿಟ್ಟ. ಇದನ್ನ ನಂಬು, ನಿಂಗೆ ಇದೇ ಕಿವಿ, ಅಂದ."

ಕೊಳಲಕ್ಕ ಅಣ್ಣನನ್ನೇ ನೋಡಿದಳು. ಅಪ್ಪನ ಪದ್ಧತಿಯ ಮೇಲೆ ಅವನಿಗೆ ಎಷ್ಟು ಭಕ್ತಿ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಒಂದು ಕಚ್ಚು ಆಚೀಚೆ ಆಗಲು ಬಿಡದವನು, ಒಂದಿಷ್ಟು ಬಾಗಿದ ಬಿದಿರನ್ನೂ ಮುಟ್ಟದವನು. ಅದು ಭಕ್ತಿಯಾಗಿತ್ತೋ ಭಯವಾಗಿತ್ತೋ?

"ಯಾಕೆ ಹೇಳಲಿಲ್ಲ?"

"ಕೊಳಲು ಮಾಡೋನಿಗೆ ಶ್ರುತಿ ಗೊತ್ತಿಲ್ಲ ಅಂತ ಹೇಳ್ಕೊಳ್ಳೋದಾ? ಜನ ನಗಲ್ವಾ?" ಅವನೇ ಸ್ವಲ್ಪ ನಕ್ಕ. "ಪೇಪರಿನವರು ಮಂಕು ಅಂದಾಗ ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಮಂಕೋ ಅಲ್ವೋ ಅಂತ ತಿಳ್ಕೊಳ್ಳೋಕೆ ನನ್ನ ಹತ್ರ ಏನಿದೆ? ನೀನು ಸರಿ ಅಂದ್ರೆ ಸರಿ ಅಂದ್ಕೊಂಡು ಬದುಕಿದೀನಿ."

"ನಾನು ಕೋಲು ಸರಿ ಅಂದ್ಕೊಂಡು ಬದುಕಿದೀನಿ," ಎಂದಳು ಅವಳು.

ಒಲೆಯ ಕೆಂಡ ಬೂದಿಯಾಗುತ್ತಿತ್ತು. ಅವಳು ಎದ್ದು ಚಹಾ ಮಾಡಿ ತಂದಳು. ಅಣ್ಣನ ಲೋಟಕ್ಕೆ ಅವನು ಕೇಳಿದಷ್ಟು ಸಕ್ಕರೆ ಹಾಕಿದಳು.

ಆ ವಾರವೇ ನಾಟಕದವನು ಹನ್ನೆರಡು ಕೊಳಲು ಬೇಕು ಎಂದು ಬಂದ. ಹೊಸ ನಾಟಕವಂತೆ, ನಾಲ್ಕು ಜನ ನುಡಿಸುತ್ತಾರಂತೆ. ಈ ಸಲ ಕೊಳಲಕ್ಕ ಅವನಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಹುಬ್ಬುಗಂಟಿಕ್ಕಿ ಕೇಳಿದ, ಆಮೇಲೆ ತಲೆ ಕೆರೆದುಕೊಂಡ.

"ನಿಮಗೆ ಕೇಳಿಸಲ್ಲ ಸರಿ. ನಂಗೆ ಕೇಳಿಸುತ್ತಲ್ಲ ಅಕ್ಕ."

"ನಿಂಗೆ ಕೇಳಿಸೋದನ್ನ ನಾನು ಬೇಕೂಂತ ಮಾಡಿದ್ದಲ್ಲಪ್ಪ."

"ಬೇಕೂಂತ ಮಾಡಿದ್ರೆ ಬರ್ತಿತ್ತೋ ಇಲ್ವೋ."

"ಇನ್ನೊಂದು ಸಲ ಮಾಡು ಅಂದ್ರೆ ಹೇಗೆ ಮಾಡಲಿ? ಏನನ್ನ ನೋಡಿ ಮಾಡಲಿ?"

"ಹೋದ ಸಲ ಮಾಡಿದ ಹಾಗೇ ಮಾಡಿ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದ.

ಹನ್ನೆರಡನ್ನೂ ಮಾಡಲು ಇಪ್ಪತ್ತು ದಿನ ಹಿಡಿಯಿತು. ಅಣ್ಣ ಎಂದಿನಂತೆ ಕೋಲು ಹಿಡಿದು ಸುಟ್ಟುಕೊಟ್ಟ. ಕೊಳಲಕ್ಕ ಆರನ್ನು ಯಂತ್ರ ತೆಗೆದಿಟ್ಟು, ತನ್ನ ಹಾಳು ಕಿವಿಗೆ ಇಂಪಾಗುವ ತನಕ ಕೆರೆದಳು. ಇನ್ನಾರನ್ನು ಯಂತ್ರ ಹಾಕಿಕೊಂಡು, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದಳು. ಸೊಸೆಗೆ ಸಂಗೀತ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲದವಳ ಧೈರ್ಯವಿತ್ತು. "ಸುಯ್ ಜಾಸ್ತಿ ಆಯ್ತು," "ಈಗ ಸುಯ್ ಇಲ್ಲ, ಆದ್ರೆ ಚೆನ್ನಾಗೂ ಇಲ್ಲ," "ಇದು ಪರವಾಗಿಲ್ಲ ಅತ್ತೆ, ಮಗೂನ ಮಲಗಿಸಬಹುದು," ಹೀಗೆ ತೀರ್ಪು ಕೊಡುತ್ತಿದ್ದಳು. ಒಂದು ಕೊಳಲಿಗೆ ಸೊಸೆ ಬೇಡ ಎಂದಳು, ಗೋಡೆಯಾಚೆಯ ಸೈಕಲ್ ಅಂಗಡಿಯವನು ಇದೇ ಚೆನ್ನಾಗಿದೆ ಎಂದು ಕೂಗಿದ. ಅಣ್ಣ ತೂತನ್ನು ಬೆರಳಿನಿಂದ ತಡವಿ ನೋಡಿ, "ಮೊದಲಿನಷ್ಟು ಇಲಿ ಕಚ್ಚಿಲ್ಲ," ಎಂದ. ಮೂರು ಬಾಯಿಗೆ ಮೂರು ಮಾತು. ಕೊಳಲಕ್ಕ ಅದನ್ನೂ ಮುಗಿದವುಗಳ ಬುಟ್ಟಿಗೆ ಹಾಕಿದಳು. ಯಾವುದು ಯಾವ ರೀತಿಯದು ಎಂದು ತಿಳಿಯಲು ಕೊಳಲಿನ ಬುಡದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಅಥವಾ ಎರಡು ಚುಕ್ಕೆ ಇಟ್ಟಿದ್ದಳು. ಯಾರಿಗೂ ಹೇಳಲಿಲ್ಲ.

ನಾಟಕದವನು ಬಂದು ಬಾಗಿಲ ಬೆಳಕಿಗೆ ಕೂತು ಒಂದೊಂದಾಗಿ ಊದಿದ. ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ ಎಂದ. ಆದರೆ ತನಗಾಗಿ ಎಂದು ನಾಲ್ಕನ್ನು ಬೇರೆ ಇಟ್ಟುಕೊಂಡ. ಅವುಗಳನ್ನು ಊದುವಾಗ ಅವನ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಕೊಳಲಕ್ಕ ಕಾದಳು. ಅವನು ನೀರು ಕುಡಿಯಲು ಎದ್ದಾಗ ಆ ನಾಲ್ಕರ ಬುಡ ತಿರುಗಿಸಿ ನೋಡಿದಳು.

ಎರಡಕ್ಕೆ ಒಂದು ಚುಕ್ಕೆ. ಎರಡಕ್ಕೆ ಎರಡು ಚುಕ್ಕೆ.

ಮತ್ತೊಮ್ಮೆ ನೋಡಿದಳು. ಪೆನ್ಸಿಲ್ ಗುರುತು ಒರೆಸಿಹೋಗಿದೆಯೇನೋ ಎಂದು ಬೆರಳಿಗೆ ಎಂಜಲು ಮಾಡಿ ತಿಕ್ಕಿಯೂ ನೋಡಿದಳು. ಇಲ್ಲ, ಅಷ್ಟೇ. ಉಳಿದ ಎಂಟರಲ್ಲಿಯೂ ನಾಲ್ಕು ನಾಲ್ಕು.

"ಈ ನಾಲ್ಕರಲ್ಲಿ ಏನಿದೆ?" ಎಂದು ಅವನು ಬಂದ ಮೇಲೆ ಕೇಳಿದಳು.

ಅವನು ಒಂದನ್ನೆತ್ತಿ ಊದಿ, ಇನ್ನೊಂದನ್ನೆತ್ತಿ ಊದಿ, "ಇದು ಒಂಥರಾ, ಇದು ಇನ್ನೊಂಥರಾ," ಎಂದ. "ಹೇಳೋಕೆ ಬರಲ್ಲ ಅಕ್ಕ. ಬಿಡೋಕೂ ಮನಸ್ಸಿಲ್ಲ."

ಅವನು ಹೋದ ಮೇಲೆ ಅವಳು ಕಿವಿಯ ಯಂತ್ರ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತಳು. ಹಾಕಿಕೊಳ್ಳುವುದೋ ಡಬ್ಬಿಯಲ್ಲಿಡುವುದೋ ಎಂದು ಗೊತ್ತಾಗಲಿಲ್ಲ. ಅಣ್ಣ ಎದುರಿನಿಂದ ಏನೋ ಕೇಳಿದ. ತುಟಿ ಆಡಿದ್ದು ಕಂಡಿತು.

"ಏನಂದೆ?"

"ಏನಂತೆ ಅಂದೆ. ಯಾವುದು ಹಿಡಿಸ್ತಂತೆ ಅವನಿಗೆ?" ಅಣ್ಣ ದನಿ ಎತ್ತಿ ಕೇಳಿದ.

"ಎರಡೂ. ಎರಡೂ ಅಲ್ಲ. ನಂಗೆ ಗೊತ್ತಾಗಲಿಲ್ಲ ಅಣ್ಣ."

ಅವನು ತಲೆಯಾಡಿಸಿದ, ಅವನಿಗೂ ತಿಳಿದಿಲ್ಲ ಎನ್ನುವ ಹಾಗೆ. ಮಾಡಿನಿಂದ ಒಂದು ಕಟ್ಟು ಬಿದಿರು ಇಳಿಸಿ, ದಾರ ಬಿಚ್ಚಿ, ಒಂದೊಂದನ್ನೇ ಕಣ್ಣಿಗೆ ಹಿಡಿದು ನೆಟ್ಟಗಿದೆಯೇ ಎಂದು ನೋಡತೊಡಗಿದ.

"ಮೇಷ್ಟ್ರಿಗೆ ಆರು ಬೇಕಂತೆ, ಹಳೇ ಥರದ್ದು," ಎಂದ. "ಜೊತೆಗೆ ಅವರ ಶಾಲೆಯ ಆ ಹುಡುಗಿಗೆ ಇನ್ನೊಂದು. ಅದು ಯಾವ ಥರದ್ದು ಅಂತ ಅವರು ಹೇಳಲಿಲ್ಲ."

"ಏಳು ಕೊಯ್ಯಿ," ಎಂದಳು ಕೊಳಲಕ್ಕ.